ಗಂಧದ ಹಾರದ ದೊರೆ

ಭದ್ರಾವತಿಯ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸ್ ಮನೆಯಲ್ಲಿ ಎಲ್ಲರೂ ಕಾಲು ಚಾಚಿ ಮಲಗುವಷ್ಟು ಜಾಗವಿರಲಿಲ್ಲ, ಆದರೆ ಒಬ್ಬ ದೊರೆಗೆ ಮಾತ್ರ ಇಡೀ ಒಂದು ಗೋಡೆ ಬಿಟ್ಟುಕೊಟ್ಟಿದ್ದೆವು. ಹಾಲ್ ಎಂದು ನಾವು ಹೆಮ್ಮೆಯಿಂದ ಕರೆಯುತ್ತಿದ್ದ ಕೋಣೆಯಲ್ಲಿ, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ರಾಚುವ ಹಾಗೆ, ನೆಲದಿಂದ ಮೊಳದೆತ್ತರದಲ್ಲಿ ಶುರುವಾಗಿ ಹೆಚ್ಚುಕಡಿಮೆ ಸೂರಿಗೆ ತಾಗುವ ಎಣ್ಣೆಬಣ್ಣದ ಚಿತ್ರ. ಜರಿಯ ಪೇಟ, ಮುತ್ತಿನ ಸರ, ಸೊಂಟಕ್ಕೆ ಕತ್ತಿ, ಎಡಗೈ ಒಂದು ಕಂಬದ ಮೇಲೆ. ಹಿಂದೆ ಕೆಂಪು ಪರದೆ, ಪರದೆಯ ಆಚೆ ಇನ್ನಷ್ಟು ಕಂಬ, ಕಂಬಗಳ ಆಚೆ ಒಂದು ಕೊಳ. ಮೀಸೆ ಎರಡೂ ಕಡೆ ಮೇಲಕ್ಕೆ ತಿರುವಿಕೊಂಡಿತ್ತು. ಊಟಕ್ಕೆ ಕೂತರೆ ದೊರೆಯ ಪಾದದ ಬುಡದಲ್ಲೇ ಕೂರಬೇಕು. ಅನ್ನ ಕಲಸುತ್ತಾ ತಲೆ ಎತ್ತಿದರೆ ಕತ್ತಿಯ ಒರೆ ಕಾಣುತ್ತಿತ್ತು. ಆ ದೊರೆ ನಮ್ಮಪ್ಪ.

ಅಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಕಡೆ ಕೆಲಸಕ್ಕಿದ್ದ. ಶಿಫ್ಟ್ ಮುಗಿಸಿ ಬಂದಾಗ ಅವನ ನೀಲಿ ಯೂನಿಫಾರ್ಮು ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಕಿವಿಯ ಸಂದಿಯಲ್ಲೂ ಧೂಳು ಕೂತಿರುತ್ತಿತ್ತು. ಕಾರ್ಮಿಕರೇ ಸೇರಿ ಕಟ್ಟಿಕೊಂಡಿದ್ದ ನಾಟಕದ ತಂಡವೊಂದಿತ್ತು. ಗಣಪತಿ ಹಬ್ಬದ ಪೆಂಡಾಲಿನಲ್ಲಿ, ಆಮೇಲೆ ಸುತ್ತಲಿನ ಊರಿನವರು ಕರೆದರೆ ಅಲ್ಲಿಗೂ ಹೋಗಿ ಅವರು 'ಕಲ್ಲುಗುಡ್ಡದ ದೊರೆ' ಎಂಬ ಐತಿಹಾಸಿಕ ನಾಟಕ ಆಡುತ್ತಿದ್ದರು. ಐತಿಹಾಸಿಕ ಎಂದು ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚಾಗಿರುತ್ತಿತ್ತು, ಅಷ್ಟೆ. ಅಂಥ ಸಂಸ್ಥಾನ ಯಾವ ಕಾಲದಲ್ಲೂ ಇರಲಿಲ್ಲ. ಅದನ್ನು ಸೃಷ್ಟಿಸಿದವರು ಸ್ಟೋರ್ಸ್ ವಿಭಾಗದ ಗುಮಾಸ್ತರೊಬ್ಬರು. ಬೋಲ್ಟು ನಟ್ಟುಗಳ ಲೆಕ್ಕ ಬರೆದು ಬೇಸರವಾದಾಗ ಅರಮನೆ ಬರೆಯುತ್ತಿದ್ದರಂತೆ. ಶುರುವಿನಿಂದಲೂ ದೊರೆಯ ಪಾತ್ರ ಅಪ್ಪನದೇ. ಅದಕ್ಕಾಗಿಯೇ ಮೀಸೆ ಬೆಳೆಸಿದ್ದ. ಶಿವಮೊಗ್ಗದ ಕೋಟೆ ಕಡೆ ಬೋರ್ಡು ಬರೆಯುವ ಪೇಂಟರೊಬ್ಬರು ಅವನ ಆಟ ನೋಡಿ ಮರುಳಾಗಿ, ಫೋಟೋ ಇಟ್ಟುಕೊಂಡು ಆ ಚಿತ್ರ ಬರೆದುಕೊಟ್ಟಿದ್ದರು. ಕಂಬ, ಪರದೆ, ಕೊಳ ಎಲ್ಲ ಪೇಂಟರ ಕೊಡುಗೆ. ಅದನ್ನು ಭದ್ರಾವತಿಗೆ ತರಲು ಬಸ್ಸಿನವರು ಒಪ್ಪದೆ, ಸಿಮೆಂಟಿನ ಲಾರಿಯಲ್ಲಿ ದೊರೆ ಬಂದಿಳಿದ.

ನನಗೆ ಆ ಚಿತ್ರ ಕಂಡರೆ ಪ್ರಾಣ, ಮನೆ ಕಂಡರೆ ನಾಚಿಕೆ. ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ರಾಜರಾಣಿಯರ ಹಿಂದಿ ಧಾರಾವಾಹಿ ಬರುತ್ತಿತ್ತು. ಭಾಷೆ ಅರ್ಧಂಬರ್ಧ ತಿಳಿಯುತ್ತಿತ್ತು. ನಾನು ನೋಡುತ್ತಿದ್ದುದು ಕತೆಯನ್ನಲ್ಲ, ಮನೆಯನ್ನು. ಆ ಅರಮನೆಯಲ್ಲಿ ಮಂಚದ ಕೆಳಗೆ ಅಕ್ಕಿಯ ಡ್ರಮ್ಮು ಇರಲಿಲ್ಲ. ಸುತ್ತಿಟ್ಟ ಹಾಸಿಗೆಯ ಮೇಲೆ ಯಾರೂ ಕೂರುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ಕಟ್ಟಿದ ದಾರದಲ್ಲಿ ಯಾರ ಲಂಗವೂ ಒಣಗುತ್ತಿರಲಿಲ್ಲ. ರಾಣಿ ಕೋಪ ಮಾಡಿಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹೋಗುತ್ತಲೇ ಇರುತ್ತಿದ್ದಳು. ನಮ್ಮನೆಯಲ್ಲಿ ಅಮ್ಮ ಕೋಪ ಮಾಡಿಕೊಂಡರೆ ಬೆನ್ನು ತಿರುಗಿಸಿ ಕೂರಬೇಕಿತ್ತು, ಬೇರೆ ದಾರಿ ಇರಲಿಲ್ಲ. ದೊಡ್ಡ ಮನೆಯ ಆಸೆ ಎಂದರೆ ಬಂಗಾರದ ಆಸೆ ಎಂದುಕೊಳ್ಳುತ್ತಾರೆ. ನನಗಿದ್ದುದು ಅದಲ್ಲ. ಯಾರ ಕಣ್ಣಿಗೂ ಬೀಳದೆ ಅಳಲು ಒಂದು ಕೋಣೆ ಇರಬೇಕು ಅನ್ನುವ ಆಸೆ. ಈಗಲೂ, ಈ ವಯಸ್ಸಿನಲ್ಲೂ, ಅರಮನೆಯ ಧಾರಾವಾಹಿ ಬಂದರೆ ಗ್ಯಾಸಿನ ಮೇಲೆ ಹಾಲಿಟ್ಟದ್ದು ಮರೆಯುತ್ತೇನೆ. ಮಕ್ಕಳು ನಗುತ್ತಾರೆ.

ಬೀದಿಯವರಿಗೆ ನಾವು ತಮಾಷೆಯ ವಸ್ತುವಾಗಿದ್ದೆವು. ನಲ್ಲಿಯ ಹತ್ತಿರ ಪಕ್ಕದ ಮನೆಯ ತಮಿಳಿನ ಸೆಲ್ವಿಯಮ್ಮ ಅಮ್ಮನನ್ನು ಕಂಡಾಗಲೆಲ್ಲ ಕೊಡ ಪಕ್ಕಕ್ಕೆ ಸರಿಸಿ ದಾರಿ ಬಿಡುವ ನಾಟಕ ಮಾಡುತ್ತಿದ್ದಳು.

"ವಾಂಗೋ ಮಹಾರಾಣಿ. ದೊರೆ ನೈಟ್ ಶಿಫ್ಟಾ? ನೀರು ನೀನೇ ಎತ್ತಬೇಕಾ, ಪಾವಂ!"

ಅಮ್ಮ ನಗುತ್ತಿದ್ದಳು. ನಾನು ಅಮ್ಮನ ಹಿಂದೆ ಸಣ್ಣ ಬಿಂದಿಗೆ ಹಿಡಿದು ನಿಂತು ಕುದಿಯುತ್ತಿದ್ದೆ.

ದೊರೆಯ ಕೊರಳಿಗೆ ಹಾರ ಬಂದದ್ದು ಹೀಗೆ. ಒಂದು ವರ್ಷ ಅಪ್ಪನಿಗೆ ಸನ್ಮಾನ ಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಹಣ್ಣು ತಿಂದೆವು, ಶಾಲು ಟ್ರಂಕಿಗೆ ಹೋಯಿತು, ಹಾರ ಎಲ್ಲಿಡಬೇಕೆಂದು ಯಾರಿಗೂ ತೋಚಲಿಲ್ಲ. ನಮ್ಮ ಕಡೆ ಗಂಧದ ಹಾರಕ್ಕೆ ಎರಡೇ ಜಾಗ. ಬದುಕಿದ್ದವರಿಗೆ ವೇದಿಕೆಯ ಮೇಲೆ ಹಾಕುತ್ತಾರೆ, ಸತ್ತವರಿಗೆ ಗೋಡೆಯ ಮೇಲೆ ಹಾಕುತ್ತಾರೆ. ಬದುಕಿದ್ದವನಿಗೆ ಗೋಡೆಯ ಮೇಲೆ ಹಾಕಿದ್ದು ನಮ್ಮಜ್ಜಿ ಒಬ್ಬಳೇ ಇರಬೇಕು. ಅಜ್ಜಿ ಎಂದರೆ ಅಪ್ಪನ ತಾಯಿ. ಸ್ಟೂಲ್ ಹತ್ತಿ, ಮಗನ ಚಿತ್ರಕ್ಕೆ ಹಾರ ಹಾಕಿ, ಕೆಳಗಿಳಿದು ಕೈ ಮುಗಿದಳು. ಅಮ್ಮ ತಡೆದಳು.

"ತೆಗೀರಿ ಅತ್ತೆ. ನೋಡಿದೋರು ಏನಂದ್ಕೊಂಡಾರು?"

"ಏನಂದ್ಕೊಳ್ತಾರೆ? ನನ್ ಮಗ ರಾಜ ಅಂದ್ಕೊಳ್ತಾರೆ. ಇರ್ಲಿ ಬಿಡು, ಘಮ ಘಮ ಅಂತದೆ."

ಹಾರ ಉಳಿಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಕಣ್ಣಿಗೆ ಅದು ಕಾಣುವುದೇ ನಿಂತುಹೋಗಿತ್ತು.

ಅಪ್ಪನ ತಂಗಿ ಸುಮಿತ್ರತ್ತೆ ನಮ್ಮ ಜೊತೆಯಲ್ಲೇ ಇದ್ದಳು. ಬ್ಲೌಸ್ ಹೊಲಿಯುತ್ತಿದ್ದಳು, ನನಗೆ ಜಡೆ ಹಾಕುತ್ತಿದ್ದಳು. ನಾವಿಬ್ಬರೂ ಒಂದೇ ಹೊದಿಕೆಯಲ್ಲಿ ಮಲಗುತ್ತಿದ್ದೆವು. ಅವಳನ್ನು ನೋಡಲು ಗಂಡಿನವರು ಬರುವುದು, ಉಪ್ಪಿಟ್ಟು ತಿಂದು ಹೋಗುವುದು, ಆಮೇಲೆ ಸುದ್ದಿ ಇಲ್ಲದಾಗುವುದು ನಮ್ಮ ಮನೆಯಲ್ಲಿ ಮಾಮೂಲಾಗಿತ್ತು. ಬಂದವರ ಕಣ್ಣು ಹಾಲಿನ ನಾಲ್ಕು ಮೂಲೆ ಸುತ್ತಿ, ಅಡುಗೆಮನೆಯ ಕರ್ಟನ್ನಿನ ಹತ್ತಿರ ನಿಂತುಬಿಡುತ್ತಿತ್ತು. ಅತ್ತೆಯನ್ನು ನೋಡುವ ಮೊದಲೇ ಅವರು ಮನೆಯನ್ನು ನೋಡಿ ಮುಗಿಸಿರುತ್ತಿದ್ದರು. ಪ್ರತಿ ಸಲ ಅವರು ಹೋದ ಮೇಲೆ ಅತ್ತೆ ಮಷೀನಿಗೆ ಕೂತು ಪೆಡಲ್ ತುಳಿಯುತ್ತಿದ್ದಳು. ಒಂದು ದಿನ ಮಾತ್ರ, ತಲೆ ಬಾಚುತ್ತಾ, ನನ್ನ ಬೆನ್ನ ಹಿಂದಿನಿಂದ ಹೇಳಿದಳು.

"ಇನ್ನೊಂದ್ಸಲ ನಾನು ಟ್ರೇ ಹಿಡ್ಕೊಂಡು ಬರಲ್ಲ ಕಣೆ ಪುಟ್ಟಿ. ಇದೇ ಕೊನೆ."

ಆ ಕೊನೆಯ ಸಲ ಬಂದವರು ಆಯನೂರಿನವರು. ಜಮೀನಿನ ಮನೆತನ, ಹುಡುಗ ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದ. ಹೆಸರು ನಾಗರಾಜ. ಜೊತೆಗೆ ಎಲ್ಲರೂ ಯಜಮಾನರು ಎನ್ನುತ್ತಿದ್ದ, ಬಿಳಿ ಪಂಚೆಯ ಅವನ ಅಪ್ಪ, ಮತ್ತು ತಾಯಿ ಗಂಗಮ್ಮ. ಮಧ್ಯಾಹ್ನದ ಹೊತ್ತು. ಅಪ್ಪ ಇನ್ನೂ ಬೆಳಗಿನ ಶಿಫ್ಟಿನಿಂದ ಬಂದಿರಲಿಲ್ಲ. ಯಜಮಾನರು ಹೊಸ್ತಿಲು ದಾಟಿದವರೇ ಚಿತ್ರದ ಮುಂದೆ ನಿಂತುಬಿಟ್ಟರು. ಹಾರ ನೋಡಿದರು. ಚಪ್ಪಲಿ ಬಿಟ್ಟಿದ್ದರೋ ಇಲ್ಲವೋ ಎಂದು ಒಮ್ಮೆ ಕಾಲು ನೋಡಿಕೊಂಡು, ಎರಡೂ ಕೈ ಎತ್ತಿ ಮುಗಿದರು. ಗಂಗಮ್ಮನೂ ಮುಗಿದರು. ಸೆಲ್ವಿಯಮ್ಮನ ಮನೆಯಿಂದ ಎರವಲು ತಂದ ಕುರ್ಚಿಯಲ್ಲಿ ಕೂರುತ್ತಾ ಯಜಮಾನರು ಮೆಲ್ಲಗೆ ಕೇಳಿದರು.

"ಇವರು...?"

ಅಮ್ಮ ಬಾಯಿ ತೆರೆದಳು. ಅದಕ್ಕೆ ಮೊದಲೇ ಅಜ್ಜಿ ಹೇಳಿಬಿಟ್ಟಳು.

"ನಮ್ಮನೆಯೋರ ತಾತ. ಕಲ್ಲುಗುಡ್ಡದ ಸಂಸ್ಥಾನದೋರು. ಈಗೆಲ್ಲಾ ಹೋಯ್ತು ಬಿಡಿ, ಹೆಸರು ಮಾತ್ರ ಉಳೀತು."

ನನಗೆ ಇವತ್ತಿಗೂ ಅಜ್ಜಿಯ ಆ ನಿಟ್ಟುಸಿರು ಮರೆಯಲಾಗುತ್ತಿಲ್ಲ. ಕಳೆದುಕೊಂಡ ರಾಜ್ಯಕ್ಕಾಗಿ ನಿಜವಾಗಿ ನೊಂದವರ ಹಾಗೆ ಇತ್ತು. ಯಜಮಾನರು ಅಜ್ಜಿಯನ್ನು ಒಂದು ಕ್ಷಣ ನೋಡಿ, ತಲೆಯಾಡಿಸಿದರು.

"ಕಲ್ಲುಗುಡ್ಡ. ಹೌದೌದು, ಕೇಳಿದೀವಿ."

ಅಷ್ಟು ಹೊತ್ತಿಗೆ ಸೈಕಲ್ ಗೋಡೆಗೆ ಒರಗಿಸಿದ ಸದ್ದಾಯಿತು. ಅಪ್ಪ ಬಾಗಿಲಲ್ಲಿ ನಿಂತ. ಧೂಳು ಹಿಡಿದ ಯೂನಿಫಾರ್ಮು, ಕೈಯಲ್ಲಿ ಟಿಫನ್ ಕ್ಯಾರಿಯರ್ರು, ತಿರುವಿದ ಮೀಸೆ. ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. ಅವನನ್ನೂ ಗೋಡೆಯನ್ನೂ ಗಾಬರಿಯಾದವರಂತೆ ಮತ್ತೆ ಮತ್ತೆ ನೋಡಿದರು. ಆಮೇಲೆ ಅವರ ಮುಖ ಸಡಿಲವಾಯಿತು.

"ಮುತ್ತಾತನ ಕಳೆ ಹಂಗೇ ಬಂದಿದೆ ಮಾರಾಯ್ರೆ ನಿಮಗೆ!"

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಅವನು ಅಜ್ಜಿಯ ಕಡೆ ನೋಡಿದ. ಅಜ್ಜಿ ನೆಲ ನೋಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಟ್ರೇ ಹಿಡಿದು ನಿಂತಿದ್ದಳು. ಅಪ್ಪ ತಂಗಿಯನ್ನು ನೋಡಿದ, ಹಾರವನ್ನು ನೋಡಿದ, ಅವನಿಗೆ ಎಲ್ಲ ಹೊಳೆಯಿತು. ಟಿಫನ್ ಕ್ಯಾರಿಯರ್ ಕೆಳಗಿಟ್ಟು ಕೈ ಮುಗಿದ. ಬಾಯಿಂದ ಬಂದದ್ದು ನಾಟಕದ ಮಾತೇ.

"ಎಲ್ಲ ಪೂರ್ವಿಕರ ಆಶೀರ್ವಾದ."

ಮನೆ ನೋಡಲು ಯಾರೂ ಕಣ್ಣು ಹೊರಳಿಸಲಿಲ್ಲ. ಅತ್ತೆಯನ್ನು ನೋಡಿದರು. ನಾಗರಾಜ ಅವಳನ್ನು, ನೀವು ಹೊಲಿದದ್ದಾ ಈ ಕರ್ಟನ್ನು, ಎಂದು ಕೇಳಿದ. ಅತ್ತೆ ಹೌದೆಂದಳು. ಹೋಗುವಾಗ ಗಂಗಮ್ಮ ಅವಳ ಮುಡಿಗೆ ತಾವು ತಂದಿದ್ದ ಮಲ್ಲಿಗೆ ಮುಡಿಸಿದರು. ಒಪ್ಪಿಗೆಯಾಯಿತೆಂದು ಎಲ್ಲರಿಗೂ ತಿಳಿಯಿತು. ಅವರು ತಿರುವಿನಲ್ಲಿ ಮರೆಯಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಅಪ್ಪ ಸ್ನಾನಕ್ಕೆ ಹೋದವನು ತುಂಬ ಹೊತ್ತು ಬರಲೇ ಇಲ್ಲ.

ನಾವು ಆ ಸುಳ್ಳನ್ನು ಸಾಕಿದ ಬಗೆ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಸೆಲ್ವಿಯಮ್ಮನಿಗೆ ಅಮ್ಮ ಕೈ ಹಿಡಿದು ಬೇಡಿಕೊಂಡಳು, ಬೀಗರು ಬಂದಾಗ ದೊರೆ ಗಿರೆ ಎಂದು ಕರೆಯಬೇಡವೆಂದು. ನಾಟಕದ ಪ್ರಶಸ್ತಿ ಫಲಕಗಳು ಟ್ರಂಕಿನ ತಳ ಸೇರಿದವು. ನನಗೆ ಹೇಳಿಕೊಟ್ಟ ಪಾಠ, ಯಾರು ಕೇಳಿದರೂ ಮುತ್ತಾತ. ನಾನು ಶಾಲೆಯಲ್ಲೂ ಹಾಗೇ ಹೇಳಿದೆ. ಹೇಳಬೇಕೆಂದು ಯಾರೂ ಬಲವಂತ ಮಾಡಿರಲಿಲ್ಲ. ಹೇಳಲು ಚೆನ್ನಾಗಿತ್ತು. ಕಬ್ಬಿಣದ ಧೂಳಿನ ಅಪ್ಪನಿಗಿಂತ ಕೊಳವಿದ್ದ ಮುತ್ತಾತ ನನಗೆ ಹೆಚ್ಚು ಒಪ್ಪುತ್ತಿದ್ದ.

ಮದುವೆಗೆ ಮೊದಲೇ ಹಿರಿಯರ ಹಬ್ಬ ಬಂತು. ಸತ್ತ ಹಿರಿಯರ ಹೆಸರಿನಲ್ಲಿ ಎಡೆ ಇಟ್ಟು ಧೂಪ ಹಾಕುವ ಅಮಾವಾಸ್ಯೆ. ಆ ದಿನ ಬೇರೆ ಕೆಲಸಕ್ಕೆ ಭದ್ರಾವತಿಗೆ ಬರುವವರಿದ್ದ ಆಯನೂರಿನವರು ನಮ್ಮನೆಗೂ ಬಂದು ಹೋಗುತ್ತೇವೆಂದು ಹೇಳಿಕಳಿಸಿದ್ದರು. ಅಜ್ಜಿ ಬೆಳಿಗ್ಗೆಯೇ ಚಿತ್ರದ ಬುಡದಲ್ಲಿ ರಂಗೋಲಿ ಹಾಕಿ, ಬಾಳೆಲೆ ಹಾಸಿ, ಕಡುಬು, ವಡೆ, ಪಾಯಸ ಎಲ್ಲ ಬಡಿಸತೊಡಗಿದಳು. ಅಮ್ಮ ಸೌಟು ಹಿಡಿದೇ ಒಳಗಿನಿಂದ ಬಂದಳು. ನಾನು ಅಮ್ಮನ ಅಂಥ ಮುಖ ನೋಡಿರಲಿಲ್ಲ.

"ಏನ್ ಮಾಡ್ತಿದೀರಿ ಅತ್ತೆ? ಬದುಕಿರೋ ನನ್ ಗಂಡನಿಗೆ ಎಡೆ ಇಡ್ತಿದೀರಲ್ಲ!"

"ಮೆತ್ತಗೆ ಮಾತಾಡೆ. ಅವರು ಬಂದು ನೋಡಿದ್ರೆ ಹಿರೀಕರಿಗೆ ಎಡೆನೂ ಇಡಲ್ವಾ ಇವರು ಅಂತಾರೆ."

"ಅಂದ್ಕೊಳ್ಳಿ! ನನ್ ತಾಳಿಗಿಂತ ಹೆಚ್ಚಾ ನಿಮ್ ಬೀಗರು? ನಿಮ್ಮ ಹೊಟ್ಟೇಲಿ ಹುಟ್ಟಿದ ಮಗ ಅಲ್ವಾ ಅವರು? ಕೈ ಹೆಂಗೆ ಬಂತು ನಿಮಗೆ?"

ಅಜ್ಜಿ ಅನ್ನದ ತಪ್ಪಲೆ ಕೆಳಗಿಟ್ಟಳು. ಅವಳಿಗೆ ಅಳು ಬಂತು.

"ಮಗಳು ಮನೇಲಿ ಮುದುಕಿ ಆಗ್ತಿದ್ದಾಳಲ್ಲೇ. ನಾನೇನು ಮಾಡ್ಲಿ?"

ಅತ್ತೆ ಮಷೀನಿನ ಮುಂದೆ ಕೂತು ಕಿವಿ ಮುಚ್ಚಿಕೊಂಡಿದ್ದಳು. ಇದನ್ನೆಲ್ಲ ಕೇಳುತ್ತಾ ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಬಂದು, ಅಮ್ಮನ ಕೈಯಿಂದ ಸೌಟು ತೆಗೆದುಕೊಂಡು, ತಾನೇ ಎಲೆಗೆ ಸಾರು ಬಡಿಸಿದ. ನಗಲು ನೋಡಿದ.

"ಇರ್ಲಿ ಬಿಡೇ. ನನ್ನ ಎಡೆ ನಾನೇ ತಿಂದ್ರಾಯ್ತು."

ಅಮ್ಮ ನಗಲಿಲ್ಲ. ಬೆನ್ನು ತಿರುಗಿಸಿ ಕೂತಳು. ಬೀಗರು ಬಂದಾಗ ಅಪ್ಪ ತನ್ನದೇ ಚಿತ್ರದ ಮುಂದೆ ಧೂಪ ಹಾಕಿ ಉದ್ದಂಡ ನಮಸ್ಕಾರ ಮಾಡಿದ. ಗಂಗಮ್ಮ ಏಕೋ ಅಮ್ಮನ ಮುಖವನ್ನೇ ನೋಡುತ್ತಿದ್ದರು. ಹೊತ್ತಿಗೆ ಮುಂಚೆಯೇ ಅವರು ಎದ್ದು, ಸಾಕು ಹೊರಡೋಣ ಎಂದು ಯಜಮಾನರನ್ನು ಅವಸರಪಡಿಸಿದರು. ನಮ್ಮ ಸಣ್ಣ ಮನೆ ಅವರಿಗೆ ಉಸಿರು ಕಟ್ಟಿಸಿತೆಂದು ನಾನು ತಿಳಿದೆ. ಅಮ್ಮ ಆ ದಿನ ಊಟ ಮಾಡಲಿಲ್ಲ, ಹಬ್ಬದ ಅಡುಗೆ ಮಾರನೆಯ ದಿನ ಹಸುವಿಗೆ ಹೋಯಿತು.

ದೀಪಾವಳಿ ಕಳೆದ ಮೇಲೆ ಮದುವೆ ಆಯಿತು. ಅತ್ತೆ ಹೋದ ಮೇಲೆ ಹೊದಿಕೆ ನನಗೆ ದೊಡ್ಡದಾಯಿತು. ಒಂದೆರಡು ಸಲ ಆಯನೂರಿಗೆ ಹೋಗಿ ಬಂದೆವು. ದೊಡ್ಡ ಮನೆ, ನಿಜವಾದ ಮರದ ಕಂಬಗಳು. ನಾನು ಒಂದು ಕಂಬದ ಮೇಲೆ ಎಡಗೈ ಇಟ್ಟು ನಿಂತುನೋಡಿದೆ. ಅಪ್ಪ ಮಾತ್ರ ಆ ಮನೆಯಲ್ಲಿ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದ, ಯಜಮಾನರು ಬಾಯಿ ತೆರೆದರೆ ಬೆವರುತ್ತಿದ್ದ. ಅವರಿಗೋ ಅವನನ್ನು ಕೆಣಕದಿದ್ದರೆ ಊಟ ಸೇರುತ್ತಿರಲಿಲ್ಲ.

"ಏನ್ ಬೀಗರೆ, ನಿಮ್ಮ ಸಂಸ್ಥಾನದ ಕಡೆ ಅಡಿಕೆ ಆಗ್ತಿತ್ತಾ, ಬರೀ ರಾಗೀನಾ?"

ಆ ಚಳಿಗಾಲದ ಕೊನೆಗೆ ಶಿವಮೊಗ್ಗದಲ್ಲಿ ನಾಟಕ ಸ್ಪರ್ಧೆ ನಿಗದಿಯಾಯಿತು. ಅಪ್ಪನ ತಂಡ ಅಷ್ಟು ವರ್ಷ ಕಾದಿದ್ದ ಅವಕಾಶ ಅದು. ದೊಡ್ಡ ರಂಗಮಂದಿರ, ಬೇರೆ ಜಿಲ್ಲೆಯ ತೀರ್ಪುಗಾರರು. ಅಪ್ಪ ಶಿಫ್ಟ್ ಮುಗಿಸಿ ನೇರ ತಾಲೀಮಿಗೆ ಹೋಗುತ್ತಿದ್ದ. ಮನೆಗೆ ಬಂದು ಸ್ನಾನದ ಮನೆಯಲ್ಲೂ ಮಾತು ಒಪ್ಪಿಸುತ್ತಿದ್ದ. ಅಷ್ಟರಲ್ಲಿ ಯಜಮಾನರಿಂದ ಹೇಳಿಕೆ ಬಂತು. ಹ್ಯಾಂಡ್‌ಬಿಲ್ ಅವರ ಕೈಗೂ ಸಿಕ್ಕಿತ್ತು. ನಿಮ್ಮ ವಂಶದ ನಾಟಕವಂತೆ, ನಾವು ಬರದಿದ್ದರೆ ಹೇಗೆ, ಮನೆಯವರೆಲ್ಲ ಬರುತ್ತೇವೆ, ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಡಿ.

ಮಾರನೆಯ ದಿನ ಅಪ್ಪ ರೋಲಿಂಗ್ ಮಿಲ್ಲಿನ ಸುರೇಶ ಎಂಬ ಹುಡುಗನನ್ನು ಮನೆಗೆ ಕರೆದುಕೊಂಡು ಬಂದು, ಚಿತ್ರದ ಮುಂದೆ ನಿಲ್ಲಿಸಿ, ಎಡಗೈ ಹೇಗಿಡಬೇಕು, ಕತ್ತಿ ಹೇಗೆ ಹಿರಿಯಬೇಕು ಎಂದು ಹೇಳಿಕೊಟ್ಟ. ತಾನು ಪರದೆಯ ಮರೆಗೆ ಸೈಡ್ ವಿಂಗಿನಲ್ಲಿ ನಿಂತು, ಮರೆತ ಮಾತು ಎತ್ತಿಕೊಟ್ಟು ಪ್ರಾಂಪ್ಟ್ ಮಾಡುತ್ತೇನೆಂದ. ಬೀಗರು ಪರದೆಯ ಹಿಂದೆ ಬಂದರೂ ಈ ಮೀಸೆಯವನೇ ದೊರೆಯ ವೇಷದವನೆಂದು ಹೊಳೆಯದಿರಲೆಂದು ಮೀಸೆ ಬೋಳಿಸಿದ. ಮೀಸೆ ಇಲ್ಲದ ಬಾಯಿ ಅಷ್ಟು ಚಿಕ್ಕದೆಂದು ನಮಗೆ ಗೊತ್ತೇ ಇರಲಿಲ್ಲ. ಅಜ್ಜಿ ಅವನನ್ನು ನೋಡಲಾರದೆ ಮುಖ ತಿರುಗಿಸಿದಳು. ನನಗೆ ಅನಿಸಿದ್ದು ಹೇಳುತ್ತೇನೆ. ನನಗೆ ಸಮಾಧಾನವಾಯಿತು. ಸದ್ಯ ಮಾನ ಉಳಿಯಿತು, ಅಂದುಕೊಂಡೆ.

ಸ್ಪರ್ಧೆಯಲ್ಲಿ ನಮ್ಮ ತಂಡದ ಸರದಿ ಮಧ್ಯಾಹ್ನಕ್ಕೆ ಬಂತು. ಅಜ್ಜಿ ಮಂಡಿನೋವೆಂದು ಬರಲಿಲ್ಲ. ಮುಂದಿನ ಸಾಲಿನಲ್ಲಿ ನಾಗರಾಜ ಮಾವ, ಯಜಮಾನರು, ಗಂಗಮ್ಮ, ಅತ್ತೆ, ಅತ್ತೆಯ ಪಕ್ಕ ನಾನು, ಆಮೇಲೆ ಅಮ್ಮ. ಪರದೆ ಎದ್ದಾಗ ಕಲ್ಲುಗುಡ್ಡದ ಅರಮನೆ ಕಂಡಿತು, ಬಾಡಿಗೆಯ ಬಟ್ಟೆಯ ಕಂಬಗಳು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದ್ದವು. ಸುರೇಶ ನೋಡಲು ಚೆನ್ನಾಗಿದ್ದ. ಎರಡು ಅಂಕ ಹೇಗೋ ದಾಟಿದ. ಕೊನೆಯ ಅಂಕದಲ್ಲಿ, ಸೋತ ದೊರೆ ಒಬ್ಬನೇ ನಿಂತು ಅರಮನೆಗೆ ವಿದಾಯ ಹೇಳುವ ಜಾಗದಲ್ಲಿ, ಅವನಿಗೆ ಮಾತು ಮರೆತುಹೋಯಿತು. ವಿಂಗಿನಿಂದ ಅಪ್ಪ ಮೆಲ್ಲಗೆ ಎತ್ತಿಕೊಟ್ಟ. ಸುರೇಶನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ, ಸ್ವಲ್ಪ ಜೋರಾಗಿ. ಹುಡುಗ ಬೆವರುತ್ತಾ ನಿಂತೇ ಇದ್ದ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಆಗ ಪರದೆಯ ಮರೆಯಿಂದ ಅಪ್ಪನ ಧ್ವನಿ ಪೂರ್ತಿಯಾಗಿ ಎದ್ದು ಬಂತು. ಪ್ರಾಂಪ್ಟರನ ಧ್ವನಿ ಅಲ್ಲ, ದೊರೆಯ ಧ್ವನಿ.

"ಅರಮನೆಯೇ, ಕೇಳು. ನಿನ್ನ ಕಂಬಗಳನ್ನು ನಾನು ನಿಲ್ಲಿಸಲಿಲ್ಲ, ನಿನ್ನ ದೀಪಗಳನ್ನು ನಾನು ಹಚ್ಚಲಿಲ್ಲ. ಹಚ್ಚಿದವರ ಹೆಸರು ನನಗೆ ತಿಳಿಯದು. ನಿನ್ನೊಳಗೆ ನಾನು ಬಾಡಿಗೆಗಿದ್ದೆ. ಬೀಗದ ಕೈ ಇಟ್ಟು ಹೋಗುತ್ತಿದ್ದೇನೆ, ಒಪ್ಪಿಸಿಕೋ."

ರಂಗಮಂದಿರ ಗಪ್ಪಾಯಿತು. ಸುರೇಶ ಬರೀ ಬಾಯಿ ಆಡಿಸಿದ. ಧ್ವನಿ ಒಂದು ಕಡೆ, ಪೇಟ ಒಂದು ಕಡೆ. ನಾನು ತಲೆ ತಗ್ಗಿಸಿ, ದೇವರೇ ಇದು ಯಾರಿಗೂ ಕೇಳಿಸದಿರಲಿ, ಅವರಿಗೆ ಗೊತ್ತಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅತ್ತೆ ಎದ್ದು ನಿಂತಳು. ಹೊಸ ಸೊಸೆ, ತನ್ನ ಮಾವ ಯಜಮಾನರ ಎದುರು, ಸೆರಗು ಜಾರಿದ್ದು ಕೂಡ ಅವಳಿಗೆ ತಿಳಿಯಲಿಲ್ಲ.

"ಅದು ನಮ್ಮಣ್ಣ," ಎಂದಳು ಗಂಗಮ್ಮನ ಕಡೆ ತಿರುಗಿ. "ಮನೇಲಿರೋ ಚಿತ್ರಾನೂ ನಮ್ಮಣ್ಣಂದೇ. ಮುತ್ತಾತ ಯಾರೂ ಇಲ್ಲ ನಮಗೆ. ನನ್ನ ಮದ್ವೆಗೋಸ್ಕರ ಸುಳ್ಳು ಹೇಳಿದ್ರು."

ನಾನು ಅವಳ ಸೆರಗು ಹಿಡಿದು ಕೆಳಕ್ಕೆ ಜಗ್ಗಿದೆ. ಗಂಗಮ್ಮ ನನ್ನ ಕೈ ಬಿಡಿಸಿ, ಅತ್ತೆಯ ಸೆರಗನ್ನು ಭುಜಕ್ಕೆ ಸರಿಪಡಿಸಿದರು.

"ಗೊತ್ತು ಕಣಮ್ಮ. ಕೂತ್ಕೋ, ಹಿಂದಿನೋರಿಗೆ ಕಾಣಲ್ಲ."

ಅತ್ತೆ ಹಾಗೇ ಕೂತಳು. ಯಜಮಾನರು ವೇದಿಕೆಯಿಂದ ಕಣ್ಣು ತೆಗೆಯದೆ, ಗಂಟಲು ಸರಿಮಾಡಿಕೊಂಡು, ಸಣ್ಣ ಧ್ವನಿಯಲ್ಲಿ ಹೇಳಿದರು.

"ನಮ್ಮೂರ ಹತ್ರ ಒಂದ್ಸಲ ಆಡಿದ್ರಲ್ಲ ಮಾರಾಯ್ತಿ, ಆವತ್ತೇ ನೋಡಿದ್ದೆ ನಿಮ್ಮಣ್ಣನ್ನ. ನಿಮ್ಮನೆಗೆ ಬಂದಾಗ ಹಾರ ನೋಡಿ, ಅಯ್ಯೋ ಅಂಥಾ ಕಲಾವಿದ ಹೋಗ್ಬಿಟ್ರಾ ಅಂತ ಕೈ ಮುಗ್ದೆ. ಅಷ್ಟರಲ್ಲಿ ನಿಮ್ಮಮ್ಮ ಹಂಗಂದ್ರು, ಇವರು ಬಾಗಿಲಲ್ಲಿ ಬಂದು ನಿಂತ್ರು! ಅಷ್ಟು ಆಸೆಪಟ್ಟು ಹೇಳಿದ್ ಮೇಲೆ ಇಲ್ಲ ಅನ್ನಕ್ಕೆ ನನಗೆ ಬಾಯಿ ಬರ್ಲಿಲ್ಲ. ಇವತ್ತು ಅವರೇ ಆಡ್ತಾರೆ ಅಂತ ಮನೆಯೋರನ್ನೆಲ್ಲ ಕರ್ಕೊಂಡು ಬಂದೆ. ಯಾಕೆ ಆಡ್ಲಿಲ್ಲ ಅವರು?"

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವರು ಅತ್ತೆಯನ್ನು ಒಪ್ಪಿದ್ದು ಅತ್ತೆಗಾಗಿಯೇ. ಅರಮನೆ ಬೇಕಾಗಿದ್ದುದು ನಮಗೆ ಮಾತ್ರ. ನಮಗೆ ನಾವೇ ಸಾಲದವರಾಗಿ ಕಂಡಿದ್ದೆವು, ಬೇರೆ ಯಾರಿಗೂ ಅಲ್ಲ. ಆ ನಾಚಿಕೆ ಸುಳ್ಳಿನ ನಾಚಿಕೆಗಿಂತ ದೊಡ್ಡದು, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬಹುಮಾನ ಬೇರೆ ತಂಡಕ್ಕೆ ಹೋಯಿತು. ಮುಂದಿನ ವರ್ಷದಿಂದ ದೊರೆಯ ಪಾತ್ರ ಸುರೇಶನಿಗೇ ಖಾಯಂ ಆಯಿತು, ಅಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಆಯನೂರಿನವರನ್ನು ಕಳಿಸಿ ಭದ್ರಾವತಿಯ ಬಸ್ಸು ಹತ್ತಿದೆವು. ಅಪ್ಪ ತಂಡದ ಸಾಮಾನು ಲಾರಿಗೆ ಏರಿಸಿ ಓಡಿ ಬಂದು ನನ್ನ ಪಕ್ಕ ಕೂತ. ಬಸ್ಸು ಹೊರಟ ಮೇಲೆ ಅಮ್ಮ ಹಿಂದಿನ ಸೀಟಿನಿಂದ ಬಗ್ಗಿ, ನಡೆದದ್ದನ್ನೆಲ್ಲ ಅವನ ಕಿವಿಯ ಹತ್ತಿರ ಹೇಳಿದಳು. ಅತ್ತೆ ಎದ್ದು ನಿಂತದ್ದು, ಅವರಿಗೆ ಮೊದಲಿನಿಂದಲೂ ಗೊತ್ತಿದ್ದದ್ದು, ಅವರು ಬಂದದ್ದೇ ಅವನನ್ನು ನೋಡಲು ಎಂಬುದು. ಅಪ್ಪ ಸಿಟ್ಟಾಗುತ್ತಾನೆ, ಇಲ್ಲವೇ ಅಳುತ್ತಾನೆ ಎಂದು ನಾನು ಹೆದರಿದ್ದೆ. ಅವನು ನನ್ನ ಕಡೆ ತಿರುಗಿದ.

"ಪುಟ್ಟಿ, ಕೊನೇ ಮಾತು ಅಷ್ಟೂ ಕೇಳಿಸ್ತಾ? ಒಳಗಿಂದ ಹೇಳಿದ್ದಲ್ವಾ, ಹಿಂದಿನ ಸಾಲಿಗೆಲ್ಲ ಮುಟ್ತೋ ಇಲ್ವೋ ಅಂತ."

ಯಾರಿಗೂ ಕೇಳಿಸದಿರಲಿ ಎಂದು ದೇವರನ್ನು ಬೇಡಿಕೊಂಡಿದ್ದ ನಾನು, "ಎಲ್ಲರಿಗೂ ಕೇಳಿಸ್ತಪ್ಪಾ," ಎಂದೆ.